ಹಳೆಯ ಲ್ಯಾಪ್‌ಟಾಪ್‌ಗೆ ವಿಂಡೋಸ್ 11 ಹಾಕಿಸಬೇಕೇ?

ನನ್ನ ಅಕ್ಕ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕಿ. ಹದಿನೈದು ವರ್ಷಗಳ ಪ್ರಶ್ನೆಪತ್ರಿಕೆಗಳು, ಮಕ್ಕಳ ಅಂಕಗಳ ಪಟ್ಟಿ, ಅಪ್ಪ ಬದುಕಿದ್ದಾಗಿನ ಫೋಟೊಗಳು, ಬ್ಯಾಂಕಿನ ವ್ಯವಹಾರ ಎಲ್ಲವೂ ಅವಳು 2017ರಲ್ಲಿ ಕೊಂಡ ಒಂದೇ ಲ್ಯಾಪ್‌ಟಾಪಿನಲ್ಲಿವೆ. 2025ರ ಕೊನೆಯಲ್ಲಿ ಒಂದು ದಿನ ಅದನ್ನು ತೆರೆದಾಗ, ವಿಂಡೋಸ್ 10ಕ್ಕೆ ಬೆಂಬಲ ಮುಗಿದಿದೆ ಎಂಬ ಸೂಚನೆ ಪರದೆಯ ತುಂಬ ಕಾಣಿಸಿತು. ಅಂಗಡಿಯವರೊಬ್ಬರು ಹೊಸದನ್ನೇ ಕೊಳ್ಳಿ ಎಂದರು. ಇನ್ನೊಬ್ಬರು ಇದಕ್ಕೇ ವಿಂಡೋಸ್ 11 ಹಾಕಿಕೊಡುತ್ತೇನೆ, ಸಂಜೆ ಬನ್ನಿ ಎಂದರು. ಶಾಲೆಯ ಸಹೋದ್ಯೋಗಿಯೊಬ್ಬರು, ಏನೂ ಆಗುವುದಿಲ್ಲ ಮೇಡಂ, ಆ ಸೂಚನೆ ಮುಚ್ಚಿ ಕೆಲಸ ನೋಡಿ ಎಂದರು. ಆ ರಾತ್ರಿ ಅಕ್ಕ ಫೋನ್ ಮಾಡಿ, "ನಾನು ಯಾರ ಮಾತು ಕೇಳಲಿ, ನೀನೇ ಹೇಳು" ಎಂದಳು.

ಮೂವರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ನಿಜವಿದೆ. ಯಾವ ಮಾತು ಯಾರಿಗೆ ಹೊಂದುತ್ತದೆ ಎಂಬುದನ್ನು ಆ ಲ್ಯಾಪ್‌ಟಾಪಿನ ಒಳಗೇನಿದೆ, ಅದರಿಂದ ಏನು ಕೆಲಸ ಆಗಬೇಕು ಎಂದು ನೋಡಿಯೇ ಹೇಳಬೇಕು. ಕೊರೊನಾ ಕಾಲದಲ್ಲಿ ಆನ್‌ಲೈನ್ ಪಾಠಕ್ಕೆಂದು ಕೈಯಿಂದ ಕೈಗೆ ದಾಟಿದ ಹಳೆಯ ಲ್ಯಾಪ್‌ಟಾಪ್‌ಗಳು ನಮ್ಮ ಮನೆಗಳಲ್ಲಿ ಬಹಳ ಇವೆ. ಕಷ್ಟಪಟ್ಟು ಉಳಿಸಿದ ಹಣದಲ್ಲಿ ಬಂದ ಯಂತ್ರ ಅದು. ಸುಮ್ಮನೆ ಎಸೆಯುವುದೂ ತಪ್ಪು, ಕಣ್ಣುಮುಚ್ಚಿ ನಂಬುವುದೂ ತಪ್ಪು.

## ಅಕ್ಟೋಬರ್ 14ರಂದು ನಿಂತದ್ದು ಏನು?

ವಿಂಡೋಸ್ 10 ಹೊರಬಂದದ್ದು 2015ರ ಜುಲೈ 29ರಂದು. ಅಂದಿನಿಂದ ಹತ್ತು ವರ್ಷ ಮೈಕ್ರೋಸಾಫ್ಟ್ ಅದರಲ್ಲಿ ಕಂಡುಬಂದ ದೋಷಗಳನ್ನು ಸರಿಪಡಿಸುತ್ತಾ, ಆ ತಿದ್ದುಪಡಿಗಳನ್ನು ಇಂಟರ್ನೆಟ್ ಮೂಲಕ ಉಚಿತವಾಗಿ ಕಳುಹಿಸುತ್ತಾ ಬಂದಿತು. ಭದ್ರತೆಗೆ ಸಂಬಂಧಿಸಿದ ತಿದ್ದುಪಡಿಗಳು ಸಾಮಾನ್ಯವಾಗಿ ಪ್ರತಿ ತಿಂಗಳ ಎರಡನೆಯ ಮಂಗಳವಾರ ಬಿಡುಗಡೆಯಾಗುತ್ತವೆ. ಕೆಲಸದ ಅವಸರದಲ್ಲಿರುವಾಗ ಲ್ಯಾಪ್‌ಟಾಪ್ ಆರಿಸಬೇಡಿ ಎಂದು ನಮ್ಮನ್ನು ಕಾಯಿಸುವ ಅಪ್‌ಡೇಟ್ ಇದೇ. 2025ರ ಅಕ್ಟೋಬರ್ 14ಕ್ಕೆ ಈ ಉಚಿತ ಸೇವೆ ಕೊನೆಗೊಂಡಿತು.

ಯಂತ್ರ ಮಾತ್ರ ನಿಂತಿಲ್ಲ. ಲ್ಯಾಪ್‌ಟಾಪ್ ಎಂದಿನಂತೆ ತೆರೆಯುತ್ತದೆ, ಕಡತಗಳು ಇದ್ದಲ್ಲೇ ಇರುತ್ತವೆ, ಪ್ರಿಂಟರ್ ಮುದ್ರಿಸುತ್ತದೆ. ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಎಂಬ ವೈರಸ್ ನಿರೋಧಕಕ್ಕೆ ಹೊಸ ವೈರಸ್‌ಗಳ ಗುರುತುಪಟ್ಟಿ 2028ರ ಅಕ್ಟೋಬರ್‌ವರೆಗೂ ಬರುತ್ತದೆ. ಚಂದಾ ಕಟ್ಟಿ ಬಳಸುವ ಮೈಕ್ರೋಸಾಫ್ಟ್ 365ಕ್ಕೂ ಅಲ್ಲಿಯವರೆಗೆ ಭದ್ರತಾ ಅಪ್‌ಡೇಟ್ ಇದೆ. ಏನೂ ಆಗುವುದಿಲ್ಲ ಎಂದ ಸಹೋದ್ಯೋಗಿಯ ಮಾತು ಇಷ್ಟರ ಮಟ್ಟಿಗೆ ಸರಿ. ಆದರೆ ಡಿಫೆಂಡರ್ ಬಾಗಿಲಲ್ಲಿ ನಿಂತು ಬರುವವರ ಮುಖ ನೋಡುವ ಕಾವಲುಗಾರ. ಗೋಡೆಯಲ್ಲೇ ಬಿರುಕು ಬಿಟ್ಟರೆ ಅದನ್ನು ಮುಚ್ಚುವ ಕೆಲಸ ಅದರದಲ್ಲ. ಬಿರುಕು ಮುಚ್ಚುತ್ತಿದ್ದದ್ದು ತಿಂಗಳ ಅಪ್‌ಡೇಟ್.

## ಉಗ್ರಾಣದ ಬೀಗದ ಕೈ

ಆಪರೇಟಿಂಗ್ ಸಿಸ್ಟಂ ಎಂದರೇನು ಎಂಬುದಕ್ಕೆ ಮದುವೆ ಮನೆಯನ್ನು ನೆನಪಿಸಿಕೊಳ್ಳಿ. ಅಡುಗೆಯವರು, ಬಡಿಸುವವರು, ಮಂಟಪ ಕಟ್ಟುವವರು, ಎಲ್ಲರಿಗೂ ಗಳಿಗೆಗೊಂದು ಸಾಮಾನು ಬೇಕು. ಅಕ್ಕಿ, ಬೆಲ್ಲ, ಕೊಪ್ಪರಿಗೆ, ಬಾಳೆ ಎಲೆ ಎಲ್ಲವೂ ಉಗ್ರಾಣದಲ್ಲಿರುತ್ತವೆ. ಉಗ್ರಾಣದ ಬೀಗದ ಕೈ ಮಾತ್ರ ಮನೆಯ ಹಿರಿಯರೊಬ್ಬರ ಸೊಂಟದಲ್ಲಿರುತ್ತದೆ. ಯಾರಿಗೆ ಏನು, ಎಷ್ಟು, ಯಾವಾಗ ಎಂದು ತೀರ್ಮಾನಿಸುವವರು ಅವರೇ.

ಲ್ಯಾಪ್‌ಟಾಪಿನಲ್ಲಿ ಅಡುಗೆ ಭಟ್ಟರ ಜಾಗದಲ್ಲಿ ಪ್ರೊಸೆಸರ್ ಇದೆ. ಉಗ್ರಾಣವೆಂದರೆ ಡಿಸ್ಕ್. ಭಟ್ಟರ ಪಕ್ಕದಲ್ಲಿ, ಕೈಗೆಟಕುವಂತೆ ಸದ್ಯಕ್ಕೆ ಬೇಕಾದ ಸಾಮಾನು ಹರಡಿಕೊಂಡ ಜಾಗ ರ‍್ಯಾಮ್. ವರ್ಡ್, ಬ್ರೌಸರ್, ಟ್ಯಾಲಿ ಇವೆಲ್ಲ ಸಾಮಾನು ಕೇಳಿಕೊಂಡು ಬರುವವರು. ಬೀಗದ ಕೈ ಹಿಡಿದಿರುವುದು ಆಪರೇಟಿಂಗ್ ಸಿಸ್ಟಂ. ವಿಂಡೋಸ್, ಲಿನಕ್ಸ್, ಮ್ಯಾಕ್‌ಓಎಸ್ ಇವು ಮೂರೂ ಅದೇ ಕೆಲಸದ ಬೇರೆ ಬೇರೆ ಹಿರಿಯರು.

ಕಳ್ಳನ ಕಣ್ಣು ಬೀಳುವುದೂ ಆ ಬೀಗದ ಕೈಯ ಮೇಲೆಯೇ. ವರ್ಡ್ ಒಂದೇ ಮೋಸಹೋದರೆ ಹಾನಿಗೆ ಒಂದು ಮಿತಿ ಇರಬಹುದು. ಆಪರೇಟಿಂಗ್ ಸಿಸ್ಟಂ ಮೋಸಹೋದರೆ ಉಳಿಸಿಟ್ಟ ಪಾಸ್‌ವರ್ಡ್‌ಗಳು, ಫೋಟೊಗಳು, ನೀವು ಒತ್ತುವ ಪ್ರತಿಯೊಂದು ಕೀಲಿ, ಎಲ್ಲವೂ ಪರರ ಕೈಗೆ ಹೋಗುತ್ತವೆ.

## ಅಪಾಯ ದಿನ ಕಳೆದಂತೆ ಏಕೆ ಬೆಳೆಯುತ್ತದೆ?

ಅಕ್ಟೋಬರ್ 15ರ ಬೆಳಿಗ್ಗೆ ವಿಂಡೋಸ್ 10 ಇದ್ದಕ್ಕಿದ್ದಂತೆ ಕೆಟ್ಟುಹೋಗಲಿಲ್ಲ. ಕೋಟಿಗಟ್ಟಲೆ ಸಾಲುಗಳ ಪ್ರೋಗ್ರಾಂನಲ್ಲಿ ದೋಷಗಳು ಮೊದಲಿನಿಂದಲೂ ಅಡಗಿರುತ್ತವೆ, ಒಂದೊಂದಾಗಿ ಬೆಳಕಿಗೆ ಬರುತ್ತವೆ. ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ವಿಂಡೋಸ್ 10 ಮತ್ತು 11 ಒಂದೇ ಮನೆತನದವು, ಒಳಗಿನ ಬಹಳಷ್ಟು ಭಾಗ ಎರಡರಲ್ಲೂ ಒಂದೇ. 11ಕ್ಕೆ ಅಪ್‌ಡೇಟ್ ಬಂದ ಕೂಡಲೇ ದಾಳಿಕೋರರು ತಿದ್ದುವ ಮುಂಚಿನ ಕಡತವನ್ನೂ ತಿದ್ದಿದ ಕಡತವನ್ನೂ ಪಕ್ಕಪಕ್ಕ ಇಟ್ಟು ಹೋಲಿಸುತ್ತಾರೆ. ಎಲ್ಲಿ ಬದಲಾವಣೆ ಕಂಡಿತೋ ಅಲ್ಲಿ ರಂಧ್ರವಿತ್ತು ಎಂದು ಅರ್ಥ. ಅಪ್‌ಡೇಟ್ ಸಿಗದ 10ರಲ್ಲಿ ಆ ರಂಧ್ರ ಇನ್ನೂ ತೆರೆದೇ ಇರಬಹುದು. ನೂರು ಮನೆಗಳಿಗೆ ಒಂದೇ ಬಗೆಯ ಬೀಗ ಹಾಕಿದ ಬಡಾವಣೆಯಲ್ಲಿ ಐವತ್ತು ಮನೆಗಳ ಬೀಗ ಬದಲಿಸಿ, ಬದಲಿಸಿದ್ದೇಕೆ ಎಂದು ಫಲಕದಲ್ಲಿ ಬರೆದು ಹಾಕಿದರೆ ಉಳಿದ ಐವತ್ತು ಮನೆಗಳ ಪಾಡೇನು? ಬೆಂಬಲ ಮುಗಿದ ವ್ಯವಸ್ಥೆಯ ಪಾಡು ಅದೇ.

ಅಪ್‌ಡೇಟ್ ಬಂದರೂ ಹಾಕಿಕೊಳ್ಳದವರಿಗೂ ಇದೇ ಗತಿ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ದುಷ್ಟ ತಂತ್ರಾಂಶ ನೂರಕ್ಕೂ ಹೆಚ್ಚು ದೇಶಗಳ ಕಂಪ್ಯೂಟರ್‌ಗಳಲ್ಲಿ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳನ್ನು ವಾಪಸ್ ಕಳುಹಿಸಬೇಕಾಯಿತು. ಅದು ಬಳಸಿಕೊಂಡ ದೋಷಕ್ಕೆ ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚ್‌ನಲ್ಲೇ ಅಪ್‌ಡೇಟ್ ಕೊಟ್ಟಿತ್ತು. ಪೆಟ್ಟು ತಿಂದವುಗಳಲ್ಲಿ ಹೆಚ್ಚಿನವು ಆ ಅಪ್‌ಡೇಟ್ ಹಾಕಿಕೊಳ್ಳದ ವಿಂಡೋಸ್ 7 ಯಂತ್ರಗಳು.

ಇನ್ನೊಂದು ತೊಂದರೆ ನಿಧಾನವಾಗಿ ಬರುತ್ತದೆ. ಹಳೆಯ ವ್ಯವಸ್ಥೆಯನ್ನು ಕಾಲಕ್ರಮದಲ್ಲಿ ಬ್ರೌಸರ್‌ಗಳೂ ಕೈಬಿಡುತ್ತವೆ. ವಿಂಡೋಸ್ 7ಕ್ಕೆ ಬೆಂಬಲ ಮುಗಿದದ್ದು 2020ರ ಜನವರಿಯಲ್ಲಿ. ಮೂರು ವರ್ಷಗಳ ನಂತರ, 2023ರಲ್ಲಿ, ಕ್ರೋಮ್ ಕೂಡ ಅದನ್ನು ಬಿಟ್ಟಿತು. ಬ್ರೌಸರ್ ಹಳತಾದರೆ ಒಂದೊಂದಾಗಿ ಜಾಲತಾಣಗಳು ಸರಿಯಾಗಿ ತೆರೆಯದಾಗುತ್ತವೆ.

ಇಂಟರ್ನೆಟ್ಟನ್ನೇ ಮುಟ್ಟದ, ಹೊರಗಿನ ಪೆನ್‌ಡ್ರೈವ್ ಚುಚ್ಚದ ಲ್ಯಾಪ್‌ಟಾಪ್‌ಗೆ ಈ ಭಯಗಳು ಬಹುಮಟ್ಟಿಗೆ ಇಲ್ಲ. ಅಜ್ಜ ಹಾಡು ಕೇಳಲು, ಮನೆಯ ಲೆಕ್ಕ ಬರೆಯಲು ಇಟ್ಟುಕೊಂಡ ಯಂತ್ರವನ್ನು ವೈಫೈ ಆರಿಸಿ ಹಾಗೇ ಬಳಸಬಹುದು.

## ವಿಂಡೋಸ್ 11 ಕೆಲವನ್ನು ಒಲ್ಲೆ ಎನ್ನುವುದೇಕೆ?

2021ರ ಅಕ್ಟೋಬರ್ 5ರಂದು ಬಂದ ವಿಂಡೋಸ್ 11, ಅಸಲಿ ಪರವಾನಗಿಯ ವಿಂಡೋಸ್ 10 ಇರುವವರಿಗೆ ಉಚಿತ. ಆದರೆ ಅದು ಕೆಲವು ಷರತ್ತುಗಳನ್ನು ಇಡುತ್ತದೆ. ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಇರಬೇಕು ಎಂಬುದನ್ನು ಬಹುತೇಕ ಎಲ್ಲ ಲ್ಯಾಪ್‌ಟಾಪ್‌ಗಳೂ ಪೂರೈಸುತ್ತವೆ. ತೊಡಕು ಇರುವುದು ಬೇರೆ ಮೂರು ಕಡೆ.

ಒಂದು, ಟಿಪಿಎಂ 2.0. ಉಗ್ರಾಣದ ಹಿರಿಯರು ಬೀಗದ ಕೈಗಳನ್ನು ಗೂಟಕ್ಕೆ ನೇತುಹಾಕದೆ, ಬೇರೆ ಯಾರೂ ತೆರೆಯಲಾಗದ ಸಣ್ಣ ಉಕ್ಕಿನ ಪೆಟ್ಟಿಗೆಯಲ್ಲಿಟ್ಟರು ಎಂದುಕೊಳ್ಳಿ. ಆ ಪೆಟ್ಟಿಗೆಯೇ ಟಿಪಿಎಂ. ಡಿಸ್ಕಿಗೆ ಹಾಕಿದ ಬೀಗದ ಗುಟ್ಟು, ಪಿನ್‌ಗೆ ಸಂಬಂಧಿಸಿದ ಗುಟ್ಟು ಅದರೊಳಗೆ ಇರುತ್ತವೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಇದು ಪ್ರತ್ಯೇಕ ಚಿಪ್, ಹಲವು ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರ್ ಜೊತೆಗೇ ಬರುವ ಸೌಲಭ್ಯ.

ಎರಡು, ಸೆಕ್ಯೂರ್ ಬೂಟ್. ಲ್ಯಾಪ್‌ಟಾಪ್ ತೆರೆಯುವ ಮೊದಲ ಕ್ಷಣಗಳಲ್ಲಿ, ವಿಂಡೋಸ್ ಇನ್ನೂ ಎಚ್ಚರಗೊಳ್ಳುವ ಮುಂಚೆಯೇ ದುಷ್ಟ ತಂತ್ರಾಂಶ ನುಸುಳಿದರೆ ಆಮೇಲೆ ಅದನ್ನು ಹಿಡಿಯುವುದು ಬಹಳ ಕಷ್ಟ. ಒಳಗೆ ಬರುವ ಮೊದಲ ತಂತ್ರಾಂಶದ ಮೇಲೆ ನಂಬಿಕಸ್ಥರ ಮುದ್ರೆ ಇದೆಯೇ ಎಂದು ನೋಡಿ ಬಿಡುವ ವ್ಯವಸ್ಥೆ ಇದು.

ಮೂರನೆಯದು ಪ್ರೊಸೆಸರ್. ನಿಜವಾಗಿ ಹೃದಯ ನೋಯಿಸುವ ಷರತ್ತು ಇದೇ. ಮೈಕ್ರೋಸಾಫ್ಟ್ ಒಂದು ಪಟ್ಟಿ ಮಾಡಿದೆ. ಇಂಟೆಲ್‌ನಲ್ಲಿ, ಬೆರಳೆಣಿಕೆಯ ಅಪವಾದ ಬಿಟ್ಟರೆ, ಎಂಟನೆಯ ಪೀಳಿಗೆಯಿಂದ ಮುಂದಿನವಕ್ಕೆ ಮಾತ್ರ ಅಲ್ಲಿ ಜಾಗ. ಅಕ್ಕನ ಲ್ಯಾಪ್‌ಟಾಪಿನಲ್ಲಿರುವುದು ಏಳನೆಯ ಪೀಳಿಗೆಯ ಐ5-7200ಯು. ಟಿಪಿಎಂ 2.0 ಇದೆ, ಸೆಕ್ಯೂರ್ ಬೂಟ್ ಇದೆ, ಪಟ್ಟಿಯಲ್ಲಿ ಹೆಸರು ಮಾತ್ರ ಇಲ್ಲ. 2017ರ ಆಗಸ್ಟ್‌ನಲ್ಲಿ ಬಂದ ಎಂಟನೆಯ ಪೀಳಿಗೆಯ ಐ5-8250ಯು ಪಟ್ಟಿಯಲ್ಲಿದೆ. ಅವಳು ಕೆಲವು ತಿಂಗಳು ತಡೆದು ಕೊಂಡಿದ್ದರೆ ಈ ಲೇಖನದ ಅರ್ಧ ಅವಳಿಗೆ ಬೇಕಾಗುತ್ತಿರಲಿಲ್ಲ. ಹೊಸ ಪ್ರೊಸೆಸರ್‌ಗಳು ಭದ್ರತಾ ಲಕ್ಷಣಗಳನ್ನು ವೇಗ ಕುಂದದಂತೆ ನಡೆಸಬಲ್ಲವು, ವಿಶ್ವಾಸಾರ್ಹತೆಯೂ ಹೆಚ್ಚು ಎಂಬುದು ಮೈಕ್ರೋಸಾಫ್ಟ್ ಕೊಟ್ಟ ಕಾರಣ.

## ನಿಮ್ಮ ಯಂತ್ರದ ಜಾತಕ ನೋಡುವುದು ಹೇಗೆ?

ಸೆಟ್ಟಿಂಗ್ಸ್ ತೆರೆದು ಸಿಸ್ಟಂ, ಅದರೊಳಗೆ ಅಬೌಟ್ ಒತ್ತಿದರೆ ಪ್ರೊಸೆಸರ್ ಹೆಸರು ಮತ್ತು ರ‍್ಯಾಮ್ ಎಷ್ಟು ಎಂಬುದು ಕಾಣುತ್ತದೆ. ಇಂಟೆಲ್ ಐ3, ಐ5, ಐ7 ಆಗಿದ್ದರೆ ಅಡ್ಡಗೆರೆಯ ನಂತರದ ಅಂಕಿಗಳಲ್ಲಿ ಪೀಳಿಗೆ ಅಡಗಿದೆ. 7200ರಲ್ಲಿ 7, 8250ರಲ್ಲಿ 8. ಅಂಕಿ 10210, 1035, 1135 ಹೀಗೆ 1ರಿಂದ ಶುರುವಾದರೆ ಮೊದಲ ಎರಡು ಅಂಕಿ ನೋಡಬೇಕು, ಅಂದರೆ ಹತ್ತನೆಯದು, ಹತ್ತನೆಯದು, ಹನ್ನೊಂದನೆಯದು. ಎಎಂಡಿ, ಪೆಂಟಿಯಂ, ಸೆಲೆರಾನ್‌ಗಳಲ್ಲಿ ಹೀಗೆ ಅಂಕಿ ನೋಡಿ ಹೇಳುವುದು ಮೋಸಮಾಡಬಹುದು. ಅದಕ್ಕೆ ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ಎಂಬ ಉಚಿತ ತಂತ್ರಾಂಶವೇ ಸರಿ. ಒಂದು ಗುಂಡಿ ಒತ್ತಿದರೆ ಅರ್ಹವೋ ಇಲ್ಲವೋ, ಇಲ್ಲವಾದರೆ ಯಾವ ಕಾರಣಕ್ಕೆ ಎಂದು ತಿಳಿಸುತ್ತದೆ.

ಆ ಕಾರಣವನ್ನು ಎಚ್ಚರದಿಂದ ಓದಿ. ಪ್ರೊಸೆಸರ್ ಪಟ್ಟಿಯಲ್ಲಿಲ್ಲ ಎಂದರೆ ಅಲ್ಲಿಗೆ ಮುಗಿಯಿತು, ಅದನ್ನು ಲ್ಯಾಪ್‌ಟಾಪಿನಲ್ಲಿ ಬದಲಿಸಲು ಸಾಮಾನ್ಯವಾಗಿ ಆಗುವುದಿಲ್ಲ. ಟಿಪಿಎಂ ಇಲ್ಲ, ಸೆಕ್ಯೂರ್ ಬೂಟ್ ಇಲ್ಲ ಎಂದರೆ ಮಾತ್ರ ಆಸೆ ಬಿಡಬೇಡಿ. ವಿಂಡೋಸ್ ಶುರುವಾಗುವ ಮುಂಚೆ ತೆರೆಯಬಹುದಾದ, ಬಯಾಸ್ ಎಂಬ ಯಂತ್ರದ ಮೂಲ ಸೆಟ್ಟಿಂಗ್‌ಗಳ ಪುಟದಲ್ಲಿ ಇವನ್ನು ಆಫ್ ಮಾಡಿಟ್ಟಿರಬಹುದು. ಇಂಟೆಲ್ ಯಂತ್ರಗಳ ಬಯಾಸ್‌ನಲ್ಲಿ ಟಿಪಿಎಂನ ಹೆಸರು ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ. ಹಿಂದೆ ಯಾರೋ ವಿಂಡೋಸನ್ನು ಹಳೆಯ ಲೆಗಸಿ ವಿಧಾನದಲ್ಲಿ ಹಾಕಿದ್ದರೂ ಸೆಕ್ಯೂರ್ ಬೂಟ್ ಆನ್ ಆಗುವುದಿಲ್ಲ. ಆಗ ಡಿಸ್ಕಿನ ವಿಭಾಗ ಪದ್ಧತಿಯನ್ನು ಎಂಬಿಆರ್‌ನಿಂದ ಜಿಪಿಟಿಗೆ ಬದಲಿಸಬೇಕು. ಕಡತ ಅಳಿಸದೆ ಹಾಗೆ ಬದಲಿಸುವ ಸಲಕರಣೆ ವಿಂಡೋಸ್ 10ರಲ್ಲೇ ಇದೆ. ಕೈ ಪಳಗಿದವರಿಂದ ಮಾಡಿಸಿ. ಹೊಸ ಲ್ಯಾಪ್‌ಟಾಪೇ ಬೇಕು ಎಂದು ಅಂಗಡಿಯಲ್ಲಿ ಹೇಳಿದರೆ, ಅಡ್ಡಿ ಪ್ರೊಸೆಸರಿನದೋ ಬಯಾಸ್‌ನದೋ ಎಂದು ಕೇಳಿ. ಆ ಒಂದು ಪ್ರಶ್ನೆಯಿಂದ ಹತ್ತಾರು ಸಾವಿರ ರೂಪಾಯಿ ಉಳಿಯಬಹುದು.

## ಅರ್ಹತೆ ಬೇರೆ, ಅನುಕೂಲ ಬೇರೆ

ಅರ್ಹ ಎಂದು ಬಂದ ಮಾತ್ರಕ್ಕೆ ಯಂತ್ರ ಸಲೀಸಾಗಿ ಓಡುತ್ತದೆ ಎಂದಲ್ಲ. ವಿಂಡೋಸ್ 11 ಹಾಕಿಸಿದ ಮೇಲೆ ಲ್ಯಾಪ್‌ಟಾಪ್ ತೆವಳುತ್ತಿದೆ ಎಂದು ಅನೇಕರು ಹೇಳುತ್ತಾರೆ. ಅದಕ್ಕೆ ಪ್ರೊಸೆಸರ್‌ಗಿಂತ ಹೆಚ್ಚಾಗಿ ಕಾರಣವಾಗುವುದು ಡಿಸ್ಕ್.

ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಇರುವುದು ಹಾರ್ಡ್ ಡಿಸ್ಕ್. ಒಳಗೆ ಲೋಹಲೇಪದ ತಟ್ಟೆ ನಿಮಿಷಕ್ಕೆ ಸಾಮಾನ್ಯವಾಗಿ 5400 ಸುತ್ತು ತಿರುಗುತ್ತದೆ, ಗ್ರಾಮಫೋನ್ ಮುಳ್ಳಿನಂಥ ತೋಳೊಂದು ಅತ್ತಿತ್ತ ಓಡಾಡಿ ಓದುತ್ತದೆ. ಒಂದು ದೊಡ್ಡ ಸಿನಿಮಾ ಕಡತವನ್ನು ಅದು ಸರಾಗವಾಗಿ ಓದಬಲ್ಲದು. ಆದರೆ ವಿಂಡೋಸ್ ತೆರೆಯುವಾಗ ಬೇಕಾಗುವುದು ಡಿಸ್ಕಿನ ಮೂಲೆಮೂಲೆಯಲ್ಲಿ ಚೆದುರಿದ ಸಾವಿರಾರು ಸಣ್ಣ ಕಡತಗಳು. ಪ್ರತಿಯೊಂದಕ್ಕೂ ತೋಳು ಸರಿದು, ತಟ್ಟೆ ತಿರುಗಿ ಬರುವವರೆಗೆ ಕಾಯಬೇಕು. ಹೀಗೆ ಸೆಕೆಂಡಿಗೆ ನೂರರ ಆಸುಪಾಸಿನಷ್ಟು ಸಲ ಮಾತ್ರ ಅದು ಹುಡುಕಿ ತರಬಲ್ಲದು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಅದು ಇದೇ ಕೆಲಸವನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಮಾಡುತ್ತದೆ. ಭಟ್ಟರು ಎಷ್ಟೇ ಚುರುಕಾಗಿರಲಿ, ಜೀರಿಗೆಗೊಮ್ಮೆ ಸಾಸಿವೆಗೊಮ್ಮೆ ಊರಾಚೆಯ ಉಗ್ರಾಣಕ್ಕೆ ಆಳು ಹೋಗಿ ಬರಬೇಕಾದರೆ ಒಗ್ಗರಣೆ ಸೀದೇ ಹೋಗುತ್ತದೆ.

ನಿಮ್ಮದು ಯಾವುದು ಎಂದು ತಿಳಿಯಲು ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ವಿಭಾಗ ನೋಡಿ. ಡಿಸ್ಕಿನ ಹೆಸರಿನ ಕೆಳಗೇ ಎಚ್‌ಡಿಡಿ ಅಥವಾ ಎಸ್‌ಎಸ್‌ಡಿ ಎಂದಿರುತ್ತದೆ. ಅಲ್ಲೇ ಮೆಮೊರಿ ಒತ್ತಿದರೆ ರ‍್ಯಾಮ್ ಹಾಕುವ ಜಾಗಗಳಲ್ಲಿ ಎಷ್ಟು ತುಂಬಿವೆ ಎಂಬುದೂ ಗೊತ್ತಾಗುತ್ತದೆ. 4 ಜಿಬಿ ಕನಿಷ್ಠ ಎಂದು ಕಾಗದದಲ್ಲಿದೆ, ಆದರೆ ಬ್ರೌಸರಿನಲ್ಲಿ ನಾಲ್ಕಾರು ಪುಟ ತೆರೆದರೆ ಅದು ತುಂಬಿಹೋಗುತ್ತದೆ. 8 ಜಿಬಿ ಇದ್ದರೆ ನೆಮ್ಮದಿ. ತೆಳುವಾದ ಕೆಲವು ಮಾದರಿಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಅಲ್ಲಿ ಹೆಚ್ಚಿಸಲಾಗದು.

ಹಾರ್ಡ್ ಡಿಸ್ಕ್ ಇರುವ ಯಾವ ಲ್ಯಾಪ್‌ಟಾಪಿಗೂ ನಾನು ಮೊದಲು ಹೇಳುವುದು ಎಸ್‌ಎಸ್‌ಡಿ ಹಾಕಿಸಿ ಎಂದೇ. ಬೆಂಗಳೂರಿನ ಎಸ್.ಪಿ. ರಸ್ತೆಯೇ ಆಗಬೇಕೆಂದಿಲ್ಲ, ತಾಲ್ಲೂಕು ಕೇಂದ್ರದ ರಿಪೇರಿ ಅಂಗಡಿಯಲ್ಲೂ ಆಗುವ ಕೆಲಸ ಇದು. ಆಮೇಲೆ ವಿಂಡೋಸ್ 10ರಲ್ಲೇ ಉಳಿಯಿರಿ, 11ಕ್ಕೆ ಹೋಗಿ, ಲಿನಕ್ಸ್ ಹಾಕಿ, ಹಾಕಿದ ಹಣ ವ್ಯರ್ಥವಾಗುವುದಿಲ್ಲ. ಬ್ಯಾಟರಿ ಉಬ್ಬಿದ, ಕೀಲು ಮುರಿದ, ಪರದೆ ಸೀಳಿದ ಯಂತ್ರಕ್ಕಾದರೆ ಖರ್ಚಿನ ಲೆಕ್ಕ ಹಾಕಿಯೇ ಮುಂದುವರಿಯಿರಿ.

## ಒಂದು ವರ್ಷದ ವಾಯಿದೆ

ಅರ್ಹವಲ್ಲದ ಲ್ಯಾಪ್‌ಟಾಪ್ ಇರುವವರಿಗೆ ಮೈಕ್ರೋಸಾಫ್ಟ್ ಇಎಸ್‌ಯು ಎಂಬ ಯೋಜನೆ ಕೊಟ್ಟಿದೆ. ಇದಕ್ಕೆ ಹೆಸರು ನೋಂದಾಯಿಸಿದರೆ ವಿಂಡೋಸ್ 10ಕ್ಕೆ 2026ರ ಅಕ್ಟೋಬರ್ 13ರವರೆಗೆ ಮುಖ್ಯ ಭದ್ರತಾ ಅಪ್‌ಡೇಟ್‌ಗಳು ಬರುತ್ತವೆ. ಹೊಸ ಸೌಲಭ್ಯವಾಗಲಿ ಸಹಾಯವಾಣಿಯಾಗಲಿ ಇದರಲ್ಲಿ ಇಲ್ಲ.

ನಮ್ಮ ದೇಶದಲ್ಲಿರುವವರಿಗೆ ಸೇರುವ ದಾರಿಗಳು ಹೀಗಿವೆ. ಮೈಕ್ರೋಸಾಫ್ಟ್ ಖಾತೆಯಿಂದ ಪ್ರವೇಶಿಸಿ, ಲ್ಯಾಪ್‌ಟಾಪಿನ ಸೆಟ್ಟಿಂಗ್‌ಗಳನ್ನು ವಿಂಡೋಸ್ ಬ್ಯಾಕಪ್ ಮೂಲಕ ಆ ಖಾತೆಗೆ ಜೋಡಿಸಿದರೆ ಉಚಿತ. ಹಾಗೆ ಸೆಟ್ಟಿಂಗ್ ಜೋಡಿಸುವುದು ಬೇಡವೆಂದರೆ, ಮೈಕ್ರೋಸಾಫ್ಟ್ ಸೇವೆಗಳನ್ನು ಬಳಸಿ ಗಳಿಸಿದ 1000 ರಿವಾರ್ಡ್ಸ್ ಅಂಕ ಕೊಡಬಹುದು, ಇಲ್ಲವೇ 30 ಡಾಲರ್‌ಗೆ ಸಮನಾದ ಮೊತ್ತವನ್ನು ಒಮ್ಮೆ ಕಟ್ಟಬಹುದು. ಒಂದೇ ಖಾತೆಯಲ್ಲಿ ಹತ್ತು ಯಂತ್ರಗಳವರೆಗೆ ಸೇರಿಸಬಹುದು. ಯಂತ್ರದಲ್ಲಿ ವಿಂಡೋಸ್ 10ರ ಕೊನೆಯ ಆವೃತ್ತಿಯಾದ 22ಎಚ್2 ಇರಬೇಕು. ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್ ಪುಟ ತೆರೆದರೆ ನೋಂದಣಿಯ ಕೊಂಡಿ ಕಾಣುತ್ತದೆ. ತಡವಾಗಿ ಸೇರಿದರೂ ಅಲ್ಲಿಯವರೆಗೆ ತಪ್ಪಿಹೋದ ಅಪ್‌ಡೇಟ್‌ಗಳು ಸಿಗುತ್ತವೆ, ಆದರೆ ನಡುವಿನ ದಿನಗಳಲ್ಲಿ ಬಿರುಕು ತೆರೆದೇ ಇತ್ತು ಎಂಬುದನ್ನು ಮರೆಯಬಾರದು.

ಬ್ಯಾಂಕ್, ತೆರಿಗೆ, ಇಮೇಲ್ ಯಾವುದನ್ನಾದರೂ ಆ ಲ್ಯಾಪ್‌ಟಾಪಿನಲ್ಲಿ ತೆರೆಯುವವರು ಈ ನೋಂದಣಿಯನ್ನು ನಾಳೆಗೆ ಎತ್ತಿಡಬಾರದು. ಮುಂದಿನ ದಾರಿ ಯೋಚಿಸಲು ಸಿಕ್ಕ ಸಮಯ ಇದು.

## ಅಡ್ಡದಾರಿಯಲ್ಲಿ 11

ಸಂಜೆ ಬನ್ನಿ ಎಂದ ಅಂಗಡಿಯವರು ಹೇಳಿದ್ದು ಸುಳ್ಳಲ್ಲ. ಪರೀಕ್ಷೆಯನ್ನು ತಪ್ಪಿಸಿ ವಿಂಡೋಸ್ 11 ಹಾಕುವ ಉಪಾಯಗಳಿವೆ, ಎಷ್ಟೋ ಯಂತ್ರಗಳಲ್ಲಿ ಅದು ನಡೆಯುತ್ತಲೂ ಇದೆ. ಆದರೆ ಇಂಥ ಯಂತ್ರಗಳಿಗೆ ಭದ್ರತಾ ಅಪ್‌ಡೇಟ್ ಸಿಗುವ ಖಾತರಿಯಿಲ್ಲ ಎಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ. ವರ್ಷಕ್ಕೊಮ್ಮೆ ಬರುವ ದೊಡ್ಡ ಆವೃತ್ತಿಯನ್ನು ಪ್ರತಿಸಲವೂ ಅದೇ ಉಪಾಯದಿಂದ ಕೈಯಾರೆ ಹಾಕಬೇಕಾಗುತ್ತದೆ. 2024ರ 24ಎಚ್2 ಆವೃತ್ತಿ ಬಂದಾಗ ಬಹಳ ಹಳೆಯ ಕೆಲವು ಪ್ರೊಸೆಸರ್‌ಗಳಲ್ಲಿ ವಿಂಡೋಸ್ ತೆರೆಯುವುದೇ ನಿಂತಿತು, ಅದಕ್ಕೆ ಬೇಕಾದ ಸೂಚನೆಗಳು ಆ ಪ್ರೊಸೆಸರ್‌ಗಳಿಗೆ ಗೊತ್ತೇ ಇರಲಿಲ್ಲ. ತಾನೇ ಬಿಚ್ಚಿ ಕಟ್ಟಿ ಕಲಿಯುವ ಆಸಕ್ತಿ ಇರುವವರಿಗೆ ಇದು ಸರಿ. ಪರೀಕ್ಷೆಯ ಹಿಂದಿನ ರಾತ್ರಿ ಪ್ರಶ್ನೆಪತ್ರಿಕೆ ಮುದ್ರಿಸಬೇಕಾದ ಶಿಕ್ಷಕಿಗೆ ಸಲ್ಲದು.

ಇನ್ನೊಂದು ಮಾತು. ಪರವಾನಗಿಯಿಲ್ಲದ ವಿಂಡೋಸನ್ನು ಅಸಲಿಯಂತೆ ಮಾಡುವ ಆಕ್ಟಿವೇಟರ್‌ಗಳನ್ನು ಯಾರಾದರೂ ಹಾಕಿಕೊಡುತ್ತೇನೆ ಎಂದರೆ ಬೇಡ ಎನ್ನಿ. ಅವು ಕೆಲಸ ಮಾಡಲು ಸಾಮಾನ್ಯವಾಗಿ ಡಿಫೆಂಡರ್ ನಿಲ್ಲಿಸಿ ಎಂದು ಕೇಳುತ್ತವೆ. ಬೀಗದ ಕೈಯನ್ನು ಅಪರಿಚಿತರ ಕೈಗೆ ನಾವೇ ಇಟ್ಟಂತೆ.

## ಲಿನಕ್ಸ್ ದಾರಿ, ಮತ್ತು ನುಡಿಯ ಕಡತಗಳು

ಉಗ್ರಾಣದ ಹಿರಿಯರನ್ನೇ ಬದಲಿಸುವ ದಾರಿ ಒಂದಿದೆ. ಲಿನಕ್ಸ್ ಮಿಂಟ್, ಉಬುಂಟು ಮುಂತಾದವು ಉಚಿತ, ಪರವಾನಗಿಯ ರಗಳೆಯಿಲ್ಲ, ಹಳೆಯ ಪ್ರೊಸೆಸರ್ ಎಂದು ತಿರಸ್ಕರಿಸುವುದೂ ಇಲ್ಲ. ಲಿನಕ್ಸ್ ಮಿಂಟ್ 22ಕ್ಕೆ 2029ರವರೆಗೆ ಭದ್ರತಾ ಅಪ್‌ಡೇಟ್ ಇದೆ, 4 ಜಿಬಿ ರ‍್ಯಾಮ್‌ನಲ್ಲಿ ಆರಾಮವಾಗಿ ನಡೆಯುತ್ತದೆ. ಪೆನ್‌ಡ್ರೈವ್‌ಗೆ ಅದನ್ನು ತುಂಬಿ, ಅದರಿಂದಲೇ ಲ್ಯಾಪ್‌ಟಾಪ್ ತೆರೆದು, ಒಳಗಿನ ವಿಂಡೋಸನ್ನು ಮುಟ್ಟದೆ ಪರೀಕ್ಷಿಸಬಹುದು. ವೈಫೈ, ಸ್ಪೀಕರ್, ಕ್ಯಾಮೆರಾ, ಪ್ರಿಂಟರ್ ನಾಲ್ಕೂ ನಡೆಯುತ್ತವೆಯೇ ಎಂದು ಹೀಗೆ ನೋಡಿದ ಮೇಲೆ ತೀರ್ಮಾನ ಮಾಡಿ.

ಬ್ರೌಸರಿನಲ್ಲಿ ಆಗುವ ಕೆಲಸಕ್ಕೆ, ಅಂದರೆ ಇಮೇಲ್, ನೆಟ್‌ಬ್ಯಾಂಕಿಂಗ್, ಯೂಟ್ಯೂಬ್, ಆನ್‌ಲೈನ್ ಪಾಠಕ್ಕೆ ಇಲ್ಲಿ ಕೊರತೆಯಿಲ್ಲ. ವರ್ಡ್, ಎಕ್ಸೆಲ್ ಬದಲು ಲಿಬ್ರೆ ಆಫೀಸ್ ಇದೆ. ಆದರೆ ಟ್ಯಾಲಿ ನೇರವಾಗಿ ನಡೆಯುವುದಿಲ್ಲ, ಫೋಟೊಶಾಪ್ ನಡೆಯುವುದಿಲ್ಲ. ಡಿಜಿಟಲ್ ಸಹಿಯ ಟೋಕನ್ ಬಳಸುವವರು ಅದರ ಚಾಲಕ ತಂತ್ರಾಂಶ ಲಿನಕ್ಸ್‌ಗೆ ಸಿಗುತ್ತದೆಯೇ ಎಂದು ಕೊಟ್ಟವರನ್ನೇ ಕೇಳಬೇಕು. ಅಂಗಡಿಯ ಲೆಕ್ಕ ಟ್ಯಾಲಿಯಲ್ಲೇ ಇದ್ದರೆ ಈ ದಾರಿ ನಿಮ್ಮದಲ್ಲ.

ನಮ್ಮವರು ಅಂಜುವುದು ಮುಖ್ಯವಾಗಿ ಕನ್ನಡ ಬೆರಳಚ್ಚಿಗೆ. ಆ ಅಂಜಿಕೆಗೆ ಹೆಚ್ಚು ಆಧಾರವಿಲ್ಲ. ಲಿನಕ್ಸ್‌ನ ಕೀಲಿಮಣೆ ಪಟ್ಟಿಯಲ್ಲಿ ಕನ್ನಡ ಕಗಪ ವಿನ್ಯಾಸ ಇದೆ. ನುಡಿ ಎಂಬ ಕನ್ನಡ ಬೆರಳಚ್ಚು ತಂತ್ರಾಂಶದ ಕೀಲಿಮಣೆಗೆ ಒಗ್ಗಿದ ಬೆರಳುಗಳಿಗೆ ಅದು ಬೇಗ ಪಳಗುತ್ತದೆ. ಯೂನಿಕೋಡ್ ಕನ್ನಡ, ಅಂದರೆ ಎಲ್ಲ ಯಂತ್ರಗಳೂ ಒಪ್ಪಿಕೊಂಡ ಒಂದೇ ಸಂಕೇತ ಪದ್ಧತಿಯ ಕನ್ನಡ, ಯಾವ ತೊಂದರೆಯೂ ಇಲ್ಲದೆ ಮೂಡುತ್ತದೆ. ಗುಬ್ಬಿ, ನವಿಲು ಎಂಬ ಚೆಂದದ ಮುಕ್ತ ಫಾಂಟ್‌ಗಳೂ ಸಿಗುತ್ತವೆ.

ಇರುವ ತೊಡಕು ಹಳೆಯ ಕಡತಗಳದು. ವರ್ಷಗಳ ಹಿಂದೆ ನುಡಿಯಲ್ಲಿ ಆಸ್ಕಿ ವಿಧಾನದಲ್ಲಿ ಟೈಪ್ ಮಾಡಿದ ಕಡತದೊಳಗೆ ನಿಜವಾಗಿ ಕನ್ನಡ ಅಕ್ಷರಗಳಿಲ್ಲ. ಇರುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತಗಳು, ನುಡಿ ಫಾಂಟ್ ಅವುಗಳ ಮೇಲೆ ಕನ್ನಡದ ವೇಷ ತೊಡಿಸುತ್ತದೆ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ವೇಷ ಕಳಚಿ, ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ. ಹೊಸ ವಿಂಡೋಸ್ ಹಾಕಿಸಿದಾಗಲೂ ಹೀಗೇ ಆಗುತ್ತದೆ. ಕಡತಗಳು ಕೆಟ್ಟವು ಎಂದು ಗಾಬರಿಯಾಗಿ ಅಳಿಸಿಬಿಡಬೇಡಿ, ಫಾಂಟ್ ಹಾಕಿದರೆ ಓದು ಮರಳುತ್ತದೆ. ನುಡಿಯಲ್ಲೇ ಇರುವ ಪರಿವರ್ತಕದಿಂದ ಅವುಗಳನ್ನು ಯೂನಿಕೋಡಿಗೆ ಬದಲಿಸಿಕೊಂಡರೆ ಮುಂದೆ ಯಾವ ಯಂತ್ರದಲ್ಲೂ, ಮೊಬೈಲಿನಲ್ಲೂ ತೆರೆಯಬಹುದು. ಹಳೆಯ ವಿಂಡೋಸ್ ನಡೆಯುತ್ತಿರುವಾಗಲೇ ಇದನ್ನು ಮುಗಿಸಿಕೊಳ್ಳುವುದು ಸುಲಭ.

## ಮುಟ್ಟುವ ಮುನ್ನ

ಯಾವ ದಾರಿ ಹಿಡಿದರೂ ಮೊದಲು ಕಡತಗಳ ನಕಲು ತೆಗೆಯಿರಿ. ಅದೇ ಡಿಸ್ಕಿನ ಇನ್ನೊಂದು ಡ್ರೈವ್‌ನಲ್ಲಿಟ್ಟ ನಕಲು ನಕಲಲ್ಲ, ಡಿಸ್ಕ್ ಹೋದರೆ ಎರಡೂ ಹೋಗುತ್ತವೆ. ಬೇರೆ ಹಾರ್ಡ್ ಡಿಸ್ಕಿಗೆ ತುಂಬಿ, ಬೇರೊಂದು ಕಂಪ್ಯೂಟರಿನಲ್ಲಿ ನಾಲ್ಕು ಫೋಟೊ, ಎರಡು ಕಡತ ತೆರೆದು ನೋಡಿದ ಮೇಲೆ ಮುಂದುವರಿಯಿರಿ.

ಆಮೇಲೆ ಬಿಟ್‌ಲಾಕರ್. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕಿಗೆ ತಾನಾಗಿಯೇ ಬೀಗ ಬಿದ್ದಿರುತ್ತದೆ, ಬಳಸುವವರಿಗೆ ಅದು ಗೊತ್ತೇ ಇರುವುದಿಲ್ಲ. ಬಯಾಸ್‌ನಲ್ಲಿ ಟಿಪಿಎಂ ಅಥವಾ ಸೆಕ್ಯೂರ್ ಬೂಟ್ ಬದಲಿಸಿದ ತಕ್ಷಣ ಯಂತ್ರ 48 ಅಂಕಿಗಳ ಮರುಪಡೆಯುವ ಸಂಖ್ಯೆ ಕೇಳಬಹುದು. ಆ ಸಂಖ್ಯೆ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಮೊದಲೇ ನೋಡಿ ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಅದು ಸಿಗದಿದ್ದರೆ ಕಡತಗಳು ನಿಮಗೂ ಸಿಗುವುದಿಲ್ಲ.

ಅಪ್‌ಗ್ರೇಡ್ ಆದ ಮೇಲೆ ಮನಸ್ಸಿಗೆ ಬಾರದಿದ್ದರೆ ಹತ್ತು ದಿನಗಳೊಳಗೆ ಸೆಟ್ಟಿಂಗ್ಸ್‌ನ ರಿಕವರಿ ಪುಟದಿಂದ ವಿಂಡೋಸ್ 10ಕ್ಕೆ ಹಿಂತಿರುಗಬಹುದು. ಆ ಹತ್ತು ದಿನಗಳಲ್ಲೇ ಪ್ರಿಂಟರ್, ಸ್ಕ್ಯಾನರ್, ಟೋಕನ್ ಎಲ್ಲವನ್ನೂ ಒಮ್ಮೆ ಬಳಸಿ ನೋಡಿ. ಡಿಸ್ಕ್ ಸ್ವಚ್ಛಗೊಳಿಸುವ ಭರದಲ್ಲಿ ಹಳೆಯ ವಿಂಡೋಸಿನ ಕಡತಗಳನ್ನು ಅಳಿಸಿದರೆ ಹಿಂದಿರುಗುವ ದಾರಿ ಮುಚ್ಚುತ್ತದೆ.

## ಅಕ್ಕನ ಲ್ಯಾಪ್‌ಟಾಪ್

ಪ್ರೊಸೆಸರ್ ಪಟ್ಟಿಯಲ್ಲಿಲ್ಲದ ಕಾರಣ 11ರ ನೇರ ದಾರಿ ಅವಳಿಗೆ ಇರಲಿಲ್ಲ. ಎಲ್ಲ ಕಡತಗಳ ಎರಡು ನಕಲು ತೆಗೆದೆವು. ಹಾರ್ಡ್ ಡಿಸ್ಕ್ ಜಾಗಕ್ಕೆ ಎಸ್‌ಎಸ್‌ಡಿ ಹಾಕಿಸಿದೆವು. ವಿಂಡೋಸ್ 10ನ್ನು ಉಚಿತ ದಾರಿಯಲ್ಲಿ ಇಎಸ್‌ಯುಗೆ ನೋಂದಾಯಿಸಿದೆವು. ಮಿಂಟ್ ತುಂಬಿದ ಒಂದು ಪೆನ್‌ಡ್ರೈವ್ ಅವಳ ಬ್ಯಾಗಿನಲ್ಲಿದೆ, ಭಾನುವಾರಗಳಲ್ಲಿ ಅದರಿಂದ ತೆರೆದು ಕಗಪದಲ್ಲಿ ಟೈಪ್ ಮಾಡಿ ನೋಡುತ್ತಾಳೆ. ನುಡಿಯ ಪ್ರಶ್ನೆಪತ್ರಿಕೆಗಳನ್ನು ವರ್ಷಕ್ಕೊಂದು ಕಟ್ಟಿನಂತೆ ಯೂನಿಕೋಡಿಗೆ ಬದಲಿಸುತ್ತಿದ್ದಾಳೆ. ಹದಿನೈದರಲ್ಲಿ ಆರು ಮುಗಿದಿವೆ.